ಸಂಧಿವಾತವಿರುವ ಹದಿಹರೆಯದವರು ತಮ್ಮ ಚಿಕಿತ್ಸೆಯನ್ನು ತಾವೇ ನೋಡಿಕೊಳ್ಳುವ ಬಗ್ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಧಿವಾತ, ಲೂಪಸ್ (ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ) ಮೊದಲಾದ ದೀರ್ಘಕಾಲದ ಕಾಯಿಲೆಗಳು ಚಿಕ್ಕ ವಯಸ್ಸಿನಲ್ಲೇ ಬಂದವರು ಹದಿಹರೆಯಕ್ಕೆ ಕಾಲಿಡುವಾಗ ಕೇಳುವ ಪ್ರಶ್ನೆಗಳಿಗೂ ಅವರ ತಂದೆತಾಯಿಯ ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ. ಹೆಚ್ಚಿನ ಮಾತು ಮಕ್ಕಳ ಸಂಧಿವಾತದ ಬಗ್ಗೆಯೇ ಇದೆ. ಇದನ್ನು ಓದಿ ಯಾರೂ ಔಷಧದ ಪ್ರಮಾಣವನ್ನು ತಾವಾಗಿ ಬದಲಿಸಿಕೊಳ್ಳಬಾರದು. ಅದನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರೇ ನಿರ್ಧರಿಸಬೇಕು.

ಸಂಧಿವಾತ ವಯಸ್ಸಾದವರ ಕಾಯಿಲೆಯಲ್ಲವೇ? ನನಗೆ ಹೇಗೆ ಬಂತು?

16ನೇ ಹುಟ್ಟುಹಬ್ಬಕ್ಕೆ ಮೊದಲೇ ಒಂದು ಅಥವಾ ಹೆಚ್ಚು ಕೀಲುಗಳು ಊದಿಕೊಂಡು, ಆ ಊತ ಕನಿಷ್ಠ 6 ವಾರ ಉಳಿದು, ಬೇರೆ ಕಾರಣ ಯಾವುದೂ ಸಿಗದಿದ್ದರೆ ಅದನ್ನು ಜುವೆನೈಲ್ ಇಡಿಯೊಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ ಎನ್ನುತ್ತಾರೆ. ಸೋಂಕಿನಿಂದ ನಮ್ಮನ್ನು ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲಿನ ಒಳಪದರದಲ್ಲಿ ಉರಿಯೂತ ಎಬ್ಬಿಸುವುದು ಇದರ ಮೂಲ. ಬದನೆಕಾಯಿ, ಆಲೂಗಡ್ಡೆ ತಿಂದದ್ದರಿಂದಾಗಲಿ, ತಣ್ಣೀರು ಸ್ನಾನದಿಂದಾಗಲಿ, ಮಳೆಯಲ್ಲಿ ನೆನೆದದ್ದರಿಂದಾಗಲಿ ಇದು ಬರುವುದಿಲ್ಲ. ಬಸುರಿಯಾಗಿದ್ದಾಗ ತಾಯಿ ಮಾಡಿದ ಯಾವುದೋ ತಪ್ಪಿನಿಂದಲೂ ಬರುವುದಿಲ್ಲ. ಈ ಮಾತನ್ನು ಮನೆಯ ಹಿರಿಯರೆದುರು ಗಟ್ಟಿಯಾಗಿಯೇ ಹೇಳಬೇಕು, ಏಕೆಂದರೆ ಎಷ್ಟೋ ತಾಯಂದಿರು ಆ ಆರೋಪವನ್ನು ವರ್ಷಗಟ್ಟಲೆ ಸುಮ್ಮನೆ ಹೊತ್ತುಕೊಂಡಿರುತ್ತಾರೆ.

ಜೆಐಎಯಲ್ಲಿ ಹಲವು ಬಗೆಗಳಿವೆ. ಮೊದಲ 6 ತಿಂಗಳಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಕೀಲುಗಳಿಗೆ ತಗುಲುವುದು ಒಂದು ಬಗೆಯಾದರೆ, 5 ಅಥವಾ ಹೆಚ್ಚು ಕೀಲುಗಳಿಗೆ ತಗುಲುವುದು ಇನ್ನೊಂದು. ಜ್ವರ ಮತ್ತು ಮೈಮೇಲಿನ ದದ್ದುಗಳೊಂದಿಗೆ ಇಡೀ ದೇಹವನ್ನೇ ಹಿಡಿಯುವ ಬಗೆಯೂ ಇದೆ. ಸ್ನಾಯುರಜ್ಜು ಮೂಳೆಗೆ ಅಂಟಿಕೊಳ್ಳುವ ಜಾಗಗಳಲ್ಲಿ, ಅಂದರೆ ಹಿಮ್ಮಡಿ, ಮಂಡಿಯಂಥ ಕಡೆ ನೋವು ತರುವ ಬಗೆ ಹುಡುಗರಲ್ಲಿ ಹೆಚ್ಚು. ನಿಮ್ಮದು ಯಾವ ಬಗೆ ಎಂಬುದು ನಿಮಗೆ ಗೊತ್ತಿರಬೇಕು. ಯಾವ ಔಷಧ ಕೊಡಬೇಕು, ಕಣ್ಣಿನ ತಪಾಸಣೆ ಎಷ್ಟು ದಿನಕ್ಕೊಮ್ಮೆ ಆಗಬೇಕು ಎಂಬುದೆಲ್ಲ ಅದನ್ನೇ ಅವಲಂಬಿಸಿರುತ್ತದೆ.

ನನ್ನ ಚಿಕಿತ್ಸೆಯನ್ನು ನಾನೇ ನೋಡಿಕೊಳ್ಳುವುದನ್ನು ಯಾವ ವಯಸ್ಸಿನಲ್ಲಿ ಕಲಿಯಬೇಕು?

ಯುರೋಪಿನ ರುಮಟಾಲಜಿ (ಸಂಧಿವಾತದಂಥ ಕಾಯಿಲೆಗಳ ವೈದ್ಯಶಾಸ್ತ್ರ) ಸಂಘಟನೆಗಳು 2017ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಈ ತಯಾರಿ ಸಾಧ್ಯವಾದರೆ 11ನೇ ವಯಸ್ಸಿಗೆ, ತಡವಾದರೂ 14ಕ್ಕೆ ಮೊದಲು ಶುರುವಾಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಬೇರೆಯೇ. 17 ವರ್ಷದವರೆಗೆ ಎಲ್ಲವನ್ನೂ ಅಪ್ಪ ಅಮ್ಮ ನೋಡಿಕೊಂಡು, ಪಿಯುಸಿ ಮುಗಿದು ಮಗ ಅಥವಾ ಮಗಳು ಬೇರೆ ಊರಿನ ಹಾಸ್ಟೆಲ್ ಸೇರುವ ವಾರದಲ್ಲಿ ಮಾತ್ರೆಗಳ ಚೀಲವನ್ನು ಕೈಗಿತ್ತು ಸಮಯಕ್ಕೆ ಸರಿಯಾಗಿ ತೆಗೆದುಕೋ ಎಂದುಬಿಡುತ್ತಾರೆ. ಹತ್ತು ವರ್ಷ ಇನ್ನೊಬ್ಬರು ಮಾಡಿದ ಕೆಲಸವನ್ನು ಒಂದು ವಾರದಲ್ಲಿ ಕಲಿಯಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಒಂದೊಂದೇ ಕೆಲಸವನ್ನು ಕೈಗೆ ತೆಗೆದುಕೊಳ್ಳಿ. ಮೊದಲು ನಿಮ್ಮ ಔಷಧಗಳ ಹೆಸರು ಮತ್ತು ಅವು ಏಕೆ ಎಂಬುದನ್ನು ತಿಳಿದುಕೊಳ್ಳಿ. ಆಮೇಲೆ ವಾರದ ಮಾತ್ರೆಗಳನ್ನು ನೀವೇ ಡಬ್ಬಿಗೆ ತುಂಬಿ. ನಂತರ ರಕ್ತಪರೀಕ್ಷೆಯ ದಿನವನ್ನು ನೆನಪಿಟ್ಟುಕೊಳ್ಳುವುದು, ಔಷಧ ಮುಗಿಯುವ ಮೊದಲೇ ಮೆಡಿಕಲ್ ಶಾಪಿಗೆ ಹೋಗಿ ತರುವುದು, ಆಸ್ಪತ್ರೆಗೆ ನೀವೇ ಫೋನ್ ಮಾಡಿ ದಿನ ಗೊತ್ತುಮಾಡುವುದು, ಹೀಗೆ.

ವೈದ್ಯರು ನನ್ನನ್ನು ಕೇಳಿದರೂ ಅಮ್ಮನೇ ಉತ್ತರ ಹೇಳುತ್ತಾರೆ. ನಾನೇನು ಮಾಡಲಿ?

ಇದು ಬಹುತೇಕ ಎಲ್ಲ ಮನೆಗಳ ಕಥೆ. ವೈದ್ಯರು ‘ಬೆಳಗ್ಗೆ ಎದ್ದಾಗ ಹೇಗಿರುತ್ತದೆ?’ ಎಂದು ಹುಡುಗಿಯ ಮುಖ ನೋಡಿ ಕೇಳುತ್ತಾರೆ. ಅವಳು ಬಾಯಿ ತೆರೆಯುವ ಮೊದಲೇ ತಾಯಿ ‘ಈಗ ಪರವಾಗಿಲ್ಲ ಡಾಕ್ಟ್ರೇ, ಹೋದ ತಿಂಗಳಿಗಿಂತ ಚೆನ್ನಾಗಿದ್ದಾಳೆ’ ಎನ್ನುತ್ತಾರೆ. ಅದು ಪ್ರೀತಿಯಿಂದ ಬಂದ ಮಾತೇ ಹೌದು. ಆದರೆ ಬೆಳಗ್ಗೆ ಮುಕ್ಕಾಲು ಗಂಟೆ ಬೆರಳು ಮಡಚಲಾಗದೆ ಜಡೆಯನ್ನು ತಂಗಿಯ ಕೈಯಲ್ಲಿ ಹಾಕಿಸಿಕೊಂಡದ್ದು ಅಲ್ಲಿ ಬರುವುದೇ ಇಲ್ಲ. ವೈದ್ಯರು ಔಷಧ ಹೆಚ್ಚಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅಂಥ ಸಣ್ಣ ವಿವರಗಳಿಂದಲೇ.

ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಮೂರು ವಿಷಯ ಬರೆದುಕೊಳ್ಳಿ: ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಈಚೆಗೆ ಮಾಡಲಾಗದೆ ಹೋದ ಕೆಲಸ ಯಾವುದು, ನೀವು ಕೇಳಬೇಕೆಂದಿರುವ ಪ್ರಶ್ನೆ ಯಾವುದು. ಬಸ್ಸಿನಲ್ಲಿ ಹೋಗುವಾಗಲೇ ತಾಯಿಗೆ ‘ಅಮ್ಮಾ, ಇವತ್ತು ಮೊದಲು ನಾನು ಹೇಳುತ್ತೇನೆ, ಬಿಟ್ಟುಹೋದದ್ದನ್ನು ನೀನು ಸೇರಿಸು’ ಎಂದು ಹೇಳಿಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಐದು ನಿಮಿಷ ವೈದ್ಯರ ಜೊತೆ ಒಬ್ಬರೇ ಮಾತನಾಡಬೇಕೆಂದು ಕೇಳಿಕೊಳ್ಳಬಹುದು. ಇದರಲ್ಲಿ ಮುಚ್ಚುಮರೆಯೂ ಇಲ್ಲ, ಹೆತ್ತವರಿಗೆ ಅಗೌರವವೂ ಇಲ್ಲ. ಒಬ್ಬರೇ ಕುಳಿತು ಮಾತನಾಡುವುದು ಒಂದು ಅಭ್ಯಾಸ, ಅದು 18 ತುಂಬಿದ ದಿನ ತಾನಾಗಿ ಬಂದುಬಿಡುವುದಿಲ್ಲ.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಏನೇನು ಎಚ್ಚರ ಬೇಕು?

ಮಕ್ಕಳ ಸಂಧಿವಾತಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಔಷಧ ಇದು. ಸರಿಯಾಗಿ ಬಳಸಿದರೆ ವರ್ಷಗಟ್ಟಲೆ ಸುರಕ್ಷಿತವಾಗಿರುವ ಇದೇ ಮಾತ್ರೆ ತಪ್ಪಾಗಿ ಬಳಸಿದರೆ ಪ್ರಾಣಕ್ಕೇ ಅಪಾಯ ತರಬಲ್ಲದು. ಮುಖ್ಯ ನಿಯಮ ಒಂದೇ: ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ಪ್ರತಿದಿನ ಎಂದಿಗೂ ತೆಗೆದುಕೊಳ್ಳಬಾರದು. ಭಾನುವಾರವೋ ಶುಕ್ರವಾರವೋ, ಆ ದಿನವನ್ನು ಗೊತ್ತುಮಾಡಿ ಔಷಧ ಚೀಟಿಯ ಮೇಲೆ ದಿನದ ಹೆಸರನ್ನೇ ಬರೆಸಿಕೊಳ್ಳಿ. ‘ವಾರಕ್ಕೊಮ್ಮೆ’ ಎಂದಷ್ಟೇ ಇದ್ದರೆ ಸಾಲದು.

ಗೊಂದಲ ಹುಟ್ಟುವ ಜಾಗ ಇನ್ನೊಂದಿದೆ. ಮೆಥೊಟ್ರೆಕ್ಸೇಟಿನ ಅಡ್ಡಪರಿಣಾಮ ಕಡಿಮೆ ಮಾಡಲು ಫೋಲಿಕ್ ಆ್ಯಸಿಡ್ ಮಾತ್ರೆಯನ್ನೂ ಕೊಡುತ್ತಾರೆ. ಎರಡೂ ಹಲವು ಬಾರಿ ಚಿಕ್ಕ ಹಳದಿ ಮಾತ್ರೆಗಳೇ ಆಗಿರುತ್ತವೆ. ಸಾಲದ್ದಕ್ಕೆ ಮೆಥೊಟ್ರೆಕ್ಸೇಟಿನ ಒಂದು ಬ್ರ್ಯಾಂಡಿನ ಹೆಸರೂ ‘ಫೋಲಿ’ ಎಂದೇ ಶುರುವಾಗುತ್ತದೆ. ಅಜ್ಜಿ ಔಷಧ ಕೊಡುವ ಮನೆಗಳಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರುವುದು ತೀರ ಸುಲಭ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಸ್ಟ್ರಿಪ್ಪನ್ನು ಕತ್ತರಿಸಿ ಹೆಸರು ಹೋಗುವಂತೆ ಮಾಡದೆ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಅಂಗಡಿಯವರು ಕಂಪನಿ ಬದಲಿಸಿಕೊಟ್ಟರೆ ಒಂದು ಮಾತ್ರೆ ಎಷ್ಟು ಮಿಲಿಗ್ರಾಂ ಎಂದು ಓದಿ ನೋಡಿ, 2.5 ಮತ್ತು 10 ಮಿಲಿಗ್ರಾಂ ಮಾತ್ರೆಗಳು ಎರಡೂ ಮಾರುಕಟ್ಟೆಯಲ್ಲಿವೆ, ‘ಯಾವಾಗಿನಂತೆ ನಾಲ್ಕು ಮಾತ್ರೆ’ ಎಂದು ನುಂಗಿದರೆ ಪ್ರಮಾಣ ನಾಲ್ಕು ಪಟ್ಟಾಗುತ್ತದೆ.

ಮಾತ್ರೆಯ ದಿನ ಮರೆತರೆ ಒಂದೆರಡು ದಿನದೊಳಗೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರದ್ದನ್ನು ಬಿಟ್ಟು ಮುಂದಿನ ಗೊತ್ತಾದ ದಿನಕ್ಕೆ ಕಾಯಬೇಕು. ಎರಡು ವಾರದ್ದನ್ನು ಒಟ್ಟಿಗೆ ನುಂಗಬಾರದು. ಬಾಯಿಹುಣ್ಣು, ಜ್ವರ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಿ. ಬೇರೆ ಯಾವುದೋ ಸೋಂಕಿಗೆ ಊರಿನ ಡಾಕ್ಟರರ ಬಳಿ ಹೋದಾಗ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವುದನ್ನು ಮೊದಲ ಮಾತಿನಲ್ಲೇ ಹೇಳಿ, ಏಕೆಂದರೆ ಕೋ-ಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಆ್ಯಂಟಿಬಯಾಟಿಕ್ ಇದರ ಜೊತೆ ಸೇರಿದರೆ ರಕ್ತಕಣಗಳ ಉತ್ಪತ್ತಿಯೇ ಕುಸಿಯಬಹುದು. ಮಾತ್ರೆಯ ಹೆಸರು ಕೇಳಿದರೇ ವಾಕರಿಕೆ ಬರುವವರು ಬಹಳ ಮಂದಿ. ಅದನ್ನು ಹಠವೆಂದು ಯಾರೂ ತಳ್ಳಿಹಾಕಬಾರದು. ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುವುದು, ವಾಂತಿ ತಡೆಯುವ ಮಾತ್ರೆ, ಅಥವಾ ಇಂಜೆಕ್ಷನ್ನಿಗೆ ಬದಲಾಯಿಸುವುದು ಎಂಬ ದಾರಿಗಳಿವೆ. ಗುಟ್ಟಾಗಿ ಮಾತ್ರೆಯನ್ನು ಸಿಂಕಿಗೆ ಹಾಕುವ ಬದಲು ವೈದ್ಯರಿಗೆ ಹೇಳಿದರೆ ಪರಿಹಾರ ಸಿಗುತ್ತದೆ.

ಈಗ ನೋವೇ ಇಲ್ಲ. ಔಷಧ ನಿಲ್ಲಿಸಬಹುದೇ?

ನೋವು ಇಲ್ಲದಿರುವುದು ಔಷಧ ಕೆಲಸ ಮಾಡುತ್ತಿರುವುದರ ಗುರುತು. ಕಾಯಿಲೆ ಪೂರ್ತಿ ಹತೋಟಿಗೆ ಬಂದು ಅದು ಸಾಕಷ್ಟು ಕಾಲ ಹಾಗೇ ಉಳಿದ ಮೇಲೆ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ, ಕೆಲವರಿಗೆ ಪೂರ್ತಿ ನಿಲ್ಲಿಸುತ್ತಾರೆ ಕೂಡ. ತಾವಾಗಿ ನಿಲ್ಲಿಸಿದವರಲ್ಲಿ ವಾರಗಳ ಅಥವಾ ತಿಂಗಳುಗಳ ನಂತರ ಕಾಯಿಲೆ ಮತ್ತೆ ತಲೆಯೆತ್ತಬಹುದು. ಆ ಅಂತರವಿರುವುದರಿಂದಲೇ ‘ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಭ್ರಮೆ ಹುಟ್ಟುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ಕೆಲವು ವಾರ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ, ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುವುದರಿಂದ, ತೀವ್ರ ಸುಸ್ತು, ವಾಂತಿ, ರಕ್ತದೊತ್ತಡದ ಕುಸಿತ ಆಗಿ ಆಸ್ಪತ್ರೆ ಸೇರಬೇಕಾಗಬಹುದು. ಮುಖ ದಪ್ಪಗಾಯಿತು, ಮೊಡವೆ ಬಂತು ಎಂದು ಹದಿಹರೆಯದವರು ಸ್ಟೀರಾಯ್ಡ್ ಬಿಡುವುದುಂಟು. ಆ ಸಂಕಟ ಸಣ್ಣದಲ್ಲ; ಅದನ್ನು ಹೇಳಿಕೊಂಡರೆ ಬೇಗ ಇಳಿಸುವ ಯೋಜನೆ ಮಾಡಬಹುದು.

ಕಾಯಿಲೆ ಇರುವುದು ಮಂಡಿಯಲ್ಲಿ. ಕಣ್ಣಿನ ವೈದ್ಯರ ಬಳಿ ಏಕೆ ಕಳುಹಿಸುತ್ತಾರೆ?

ಜೆಐಎ ಇರುವ ಕೆಲವರಿಗೆ ಕಣ್ಣಿನ ಒಳಗೆ ಯುವಿಯೈಟಿಸ್ ಎಂಬ ಉರಿಯೂತ ಬರುತ್ತದೆ. ಹಲವರಲ್ಲಿ ಕಣ್ಣು ಕೆಂಪಾಗುವುದಿಲ್ಲ, ನೋವೂ ಇರುವುದಿಲ್ಲ, ದೃಷ್ಟಿ ಮಸುಕಾಗುವ ಹೊತ್ತಿಗೆ ಹಾನಿ ಆಗಿಬಿಟ್ಟಿರುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿದರೆ ಮಾತ್ರ ಆರಂಭದಲ್ಲೇ ಗೊತ್ತಾಗುತ್ತದೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸುವುದರಿಂದ ಆಗುವುದಿಲ್ಲ. ಅಪಾಯ ಹೆಚ್ಚಿರುವವರಿಗೆ 3 ತಿಂಗಳಿಗೊಮ್ಮೆ, ಉಳಿದವರಿಗೆ 6ರಿಂದ 12 ತಿಂಗಳಿಗೊಮ್ಮೆ ತಪಾಸಣೆ ಬೇಕು. ಹುಡುಗ ಹುಡುಗಿಯರು ತಾವೇ ಚಿಕಿತ್ಸೆ ನೋಡಿಕೊಳ್ಳಲು ಶುರುಮಾಡಿದಾಗ ಮೊದಲು ಕೈತಪ್ಪುವುದು ಈ ತಪಾಸಣೆಯೇ, ಏಕೆಂದರೆ ನೆನಪಿಸಲು ನೋವು ಇರುವುದಿಲ್ಲ. ಮೊಬೈಲಿನಲ್ಲಿ ಮುಂದಿನ ದಿನಾಂಕವನ್ನು ಕಣ್ಣಾಸ್ಪತ್ರೆಯಿಂದ ಹೊರಡುವ ಮೊದಲೇ ಹಾಕಿಕೊಳ್ಳಿ.

ಫ್ರಿಜ್ಜಿನಲ್ಲಿ ಇಡುವ ಇಂಜೆಕ್ಷನ್ನನ್ನು ನಾನೇ ಚುಚ್ಚಿಕೊಳ್ಳಬಹುದೇ?

ಕಲಿಸಿದರೆ ಖಂಡಿತ ಸಾಧ್ಯ. ಅಡಾಲಿಮುಮ್ಯಾಬ್, ಎಟನರ್ಸೆಪ್ಟ್ ಮೊದಲಾದ ಬಯಾಲಜಿಕಲ್ ಔಷಧಗಳನ್ನು (ಉರಿಯೂತ ಎಬ್ಬಿಸುವ ನಿರ್ದಿಷ್ಟ ಅಂಶವನ್ನೇ ತಡೆಯುವ ಔಷಧಗಳನ್ನು) ತೊಡೆಗೆ ಅಥವಾ ಹೊಟ್ಟೆಯ ಚರ್ಮದಡಿಗೆ ಕೊಡುತ್ತಾರೆ. ಅಡಾಲಿಮುಮ್ಯಾಬಿನ ಅಗ್ಗದ ಭಾರತೀಯ ರೂಪ 2014ರಲ್ಲೇ ಮಾರುಕಟ್ಟೆಗೆ ಬಂದಿದೆ, ಆದರೂ ಬಹಳ ಕುಟುಂಬಗಳಿಗೆ ಇದು ಈಗಲೂ ದುಬಾರಿಯೇ. ಹಾಗಾಗಿ ಒಂದು ಸಿರಿಂಜ್ ಹಾಳಾದರೂ ಮನಸ್ಸಿಗೆ ನೋವಾಗುತ್ತದೆ. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಡಲೇಬಾರದು, ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬಾರದು. ಕರೆಂಟ್ ಹೋಗುವ ಊರುಗಳಲ್ಲಿ ಫ್ರಿಜ್ಜಿನ ಬಾಗಿಲು ತೆರೆಯದೆ ಇರಿ. ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕ್ ಮತ್ತು ಸಿರಿಂಜಿನ ನಡುವೆ ದಪ್ಪ ಬಟ್ಟೆ ಇರಲಿ. ಚುಚ್ಚಿಕೊಳ್ಳುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಟ್ಟರೆ ಉರಿ ಕಡಿಮೆ. ಪ್ರತಿ ಸಲವೂ ಜಾಗ ಬದಲಿಸಿ.

ನಮ್ಮ ದೇಶದಲ್ಲಿ ಕ್ಷಯ ಸಾಮಾನ್ಯವಾಗಿರುವುದರಿಂದ ಈ ಔಷಧ ಶುರುಮಾಡುವ ಮೊದಲು ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಶುರುವಾದ ನಂತರವೂ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಕ್ಷಯ ಪತ್ತೆಯಾದರೆ ತಕ್ಷಣ ತಿಳಿಸಬೇಕು.

ಜ್ವರ ಬಂದರೆ ಏನು ಮಾಡಬೇಕು?

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು ಜ್ವರವನ್ನು ‘ನಾಳೆ ನೋಡೋಣ’ ಎಂದು ಬಿಡಬಾರದು. ಅಂದೇ ವೈದ್ಯರನ್ನು ಕಾಣಬೇಕು. ಮೆಥೊಟ್ರೆಕ್ಸೇಟ್ ತಡೆಹಿಡಿದು, ಆ ವಾರದ ಬಯಾಲಜಿಕಲ್ ಇಂಜೆಕ್ಷನ್ನನ್ನೂ ತಡೆಹಿಡಿಯಬೇಕೇ ಎಂದು ಕೇಳಿಕೊಳ್ಳಿ, ಆದರೆ ಸ್ಟೀರಾಯ್ಡ್ ಮಾತ್ರ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಸೇರುತ್ತದೆ. ಡೆಂಗಿ ಇರಬಹುದೆಂಬ ಅನುಮಾನವಿದ್ದರೆ ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಇಂಡೊಮೆಥಸಿನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಸಂಧಿವಾತವಿರುವವರ ಚೀಲದಲ್ಲಿ ಇರುವುದೇ ಈ ಮಾತ್ರೆಗಳು, ಮೈಕೈ ನೋವೆಂದ ಕೂಡಲೇ ಕೈ ಹೋಗುವುದೂ ಅವುಗಳ ಕಡೆಗೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ಎದ್ದು, ನಿಮಗೆ ಅದು ಹಿಂದೆ ಬಂದಿಲ್ಲದಿದ್ದರೆ, ಗುಳ್ಳೆ ಕಾಣಿಸುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಇಡೀ ದೇಹವನ್ನು ಹಿಡಿಯುವ ಬಗೆಯ ಜೆಐಎ ಇರುವವರಲ್ಲಿ ಬಿಡದ ಜ್ವರದ ಜೊತೆ ಮಂಪರು, ಮೂಗು ಅಥವಾ ವಸಡಿನಿಂದ ರಕ್ತ ಕಂಡರೆ ಅದು ತುರ್ತು ಪರಿಸ್ಥಿತಿ. ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಲಸಿಕೆ ಹಾಕಿಸಿಕೊಳ್ಳಬಹುದೇ?

ನಿರ್ಜೀವ ಲಸಿಕೆಗಳನ್ನು, ಉದಾಹರಣೆಗೆ ಫ್ಲೂ, ನ್ಯುಮೊಕಾಕಲ್, ಹೆಪಟೈಟಿಸ್ ಬಿ, ಎಚ್‌ಪಿವಿ ಲಸಿಕೆಗಳನ್ನು ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳುವುದೇ ಒಳ್ಳೆಯದು. ದಡಾರ, ಚಿಕನ್‌ಪಾಕ್ಸ್ ಮೊದಲಾದ ಸಜೀವ ಲಸಿಕೆಗಳಿಗೆ ನಿಮ್ಮ ವೈದ್ಯರ ಒಪ್ಪಿಗೆ ಬೇಕು.

ನನಗಿರುವುದು ಲೂಪಸ್. ನನಗೆ ಬೇರೆ ಏನು ಗೊತ್ತಿರಬೇಕು?

ಹೈಡ್ರಾಕ್ಸಿಕ್ಲೋರೊಕ್ವಿನ್ ನಿಮ್ಮ ದೀರ್ಘಕಾಲದ ಸಂಗಾತಿ. ಬೇರೆ ಔಷಧಗಳು ಬದಲಾದರೂ ಅದು ಸಾಮಾನ್ಯವಾಗಿ ಮುಂದುವರಿಯುತ್ತದೆ, ಅದಕ್ಕಾಗಿ ಕಣ್ಣಿನ ರೆಟಿನಾ ತಪಾಸಣೆ ಬೇಕು. ಬಿಸಿಲು ಕಾಯಿಲೆಯನ್ನು ಕೆರಳಿಸುವುದರಿಂದ ಉದ್ದ ತೋಳಿನ ಬಟ್ಟೆ, ಛತ್ರಿ, ಸನ್‌ಸ್ಕ್ರೀನ್ ಕೂಡ ಚಿಕಿತ್ಸೆಯ ಭಾಗವೇ. ಮೂತ್ರದಲ್ಲಿ ನೊರೆ ಹೆಚ್ಚಾದರೆ, ಕಾಲು ಅಥವಾ ಕಣ್ಣಿನ ಸುತ್ತ ಬಾವು ಬಂದರೆ ಮೂತ್ರಪಿಂಡಕ್ಕೆ ತೊಂದರೆಯಾಗಿರಬಹುದು, ಮುಂದಿನ ಭೇಟಿಗೆ ಕಾಯಬೇಡಿ.

ಆಟ ಆಡಬಹುದೇ? ಪಿ.ಟಿ. ಪೀರಿಯಡ್ಡಿನಲ್ಲಿ ಸುಮ್ಮನೆ ಕೂರಿಸುತ್ತಾರೆ.

ಆಡಬೇಕು. ಅಲುಗಾಡದ ಕೀಲು ಬಿಗಿಯಾಗುತ್ತದೆ, ಸುತ್ತಲಿನ ಸ್ನಾಯು ಸೊರಗುತ್ತದೆ. ಕೀಲು ಊದಿ ಬಿಸಿಯಾಗಿರುವ ದಿನಗಳಲ್ಲಿ ಜಿಗಿತ, ಓಟ ಬೇಡ. ಉಳಿದ ದಿನ ಈಜು, ಸೈಕಲ್, ನಡಿಗೆ, ಹತೋಟಿಯಲ್ಲಿದ್ದರೆ ಶಟಲ್, ವಾಲಿಬಾಲ್ ಎಲ್ಲವೂ ಸರಿ. ಯಾವಾಗ ಆಡಬಹುದು, ಯಾವಾಗ ಬೇಡ ಎಂದು ವೈದ್ಯರಿಂದ ಒಂದು ಪತ್ರ ಬರೆಸಿ ಪಿ.ಟಿ. ಮೇಷ್ಟ್ರಿಗೆ ನೀವೇ ಕೊಡಿ. ಬೆಳಗ್ಗೆ ಕುಂಟುವ ಹುಡುಗ ಮಧ್ಯಾಹ್ನ ಓಡಾಡುವುದನ್ನು ಕಂಡು ನಾಟಕವೆಂದು ತಿಳಿಯುವವರಿಗೆ, ಈ ಕಾಯಿಲೆಯ ಸ್ವಭಾವವೇ ಹಾಗೆ ಎಂದು ಆ ಪತ್ರ ತಿಳಿಸಲಿ.

ಬೆರಳು ನೋವಿನಿಂದ ಮೂರು ಗಂಟೆ ಬರೆಯಲಾಗುವುದಿಲ್ಲ. ಪರೀಕ್ಷೆಯಲ್ಲಿ ರಿಯಾಯಿತಿ ಇದೆಯೇ?

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿದ್ದು ಬರೆಯಲು ತೊಂದರೆಯಿರುವವರಿಗೆ ಉತ್ತರ ಬರೆದುಕೊಡುವ ಸಹಾಯಕರು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂಬ ವ್ಯವಸ್ಥೆ ಇದೆ. ಶೇ. 40ಕ್ಕಿಂತ ಕಡಿಮೆ ಇದ್ದವರು ಮೊದಲು ಹೊರಗುಳಿಯುತ್ತಿದ್ದರು. ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಅದು ಸರಿಯಲ್ಲ ಎಂದಿತು, ಅದರ ನಂತರ ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ಅಂಥವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಇದಕ್ಕೆ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಶಾಲೆ ಅಥವಾ ಕಾಲೇಜಿನ ಮೂಲಕ ಪರೀಕ್ಷೆಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಇದನ್ನು ಕೇಳಲು ಸಂಕೋಚಪಡುವ ಮಕ್ಕಳು ಬಹಳ. ಓದಿದ್ದನ್ನು ಬರೆಯಲು ಕೈ ಬಿಡದಿರುವುದು ನಿಮ್ಮ ತಪ್ಪಲ್ಲ, ಕೇಳುವುದು ನಿಮ್ಮ ಹಕ್ಕು.

ಮದ್ಯ, ಪ್ರೀತಿ, ಮದುವೆ ಇಂಥ ವಿಷಯಗಳನ್ನು ವೈದ್ಯರ ಬಳಿ ಕೇಳಬಹುದೇ?

ಕೇಳಲೇಬೇಕು. ಮೆಥೊಟ್ರೆಕ್ಸೇಟ್ ಮತ್ತು ಮದ್ಯ ಎರಡೂ ಯಕೃತ್ತಿಗೆ ಹೊರೆ. ಸಿಗರೇಟು ಉರಿಯೂತವನ್ನು ಹೆಚ್ಚಿಸುತ್ತದೆ. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್‌ನಂಥ ಔಷಧಗಳು ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತವೆ, ಆದ್ದರಿಂದ ಹುಡುಗಿಯರಿಗೆ ಈ ಮಾಹಿತಿ ಬೇಕಾಗುವ ಮೊದಲೇ ಸಿಗಬೇಕು. ಇದೇ ಕಾಯಿಲೆಯಿರುವ ಅಸಂಖ್ಯ ಹೆಂಗಸರು ಔಷಧ ಬದಲಿಸಿಕೊಂಡು, ಯೋಜನೆ ಮಾಡಿ, ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ‘ಇವಳಿಗೆ ಮದುವೆ ಆಗುವುದಿಲ್ಲ’ ಎಂದು ನೆಂಟರು ಹೇಳುವ ಮಾತಿಗೆ ವೈದ್ಯಕೀಯ ಆಧಾರವಿಲ್ಲ.

ಎಲ್ಲದರಿಂದ ಬೇಸತ್ತಿದ್ದೇನೆ. ಇದೂ ಕಾಯಿಲೆಯ ಭಾಗವೇ?

ವರ್ಷಗಟ್ಟಲೆ ನೋವು, ಮಾತ್ರೆ, ರಕ್ತಪರೀಕ್ಷೆಗಳ ನಡುವೆ ಬೆಳೆದವರಿಗೆ ಬೇಸರ ಬರುವುದು ಸಹಜ. ಅದು ವಾರಗಟ್ಟಲೆ ಉಳಿದು, ನಿದ್ದೆ, ಊಟ, ಗೆಳೆಯರು ಯಾವುದೂ ಬೇಡವೆನಿಸಿದರೆ ಅದಕ್ಕೂ ಚಿಕಿತ್ಸೆ ಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಾಟಿ ಔಷಧ ತೆಗೆದುಕೊಳ್ಳಬಹುದೇ?

ಹೆಸರು, ಒಳಗೇನಿದೆ ಎಂಬ ವಿವರ ಇಲ್ಲದ ಪುಡಿ, ಗುಳಿಗೆ ಯಾವುದೂ ಬೇಡ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್, ಸೀಸ ಪತ್ತೆಯಾಗಿವೆ. ನೋವು ಒಂದೇ ದಿನದಲ್ಲಿ ಮಾಯವಾದರೆ ಸಂತೋಷಪಡುವ ಬದಲು ಅನುಮಾನಪಡಿ.

ಹೆತ್ತವರಾಗಿ ನಾವು ಎಷ್ಟು ಹಿಂದೆ ಸರಿಯಬೇಕು?

ಕೆಲಸವನ್ನು ಬಿಟ್ಟುಕೊಡಿ, ಗಮನವನ್ನು ಬಿಡಬೇಡಿ. ಮಾತ್ರೆ ಡಬ್ಬಿ ಅವನೇ ತುಂಬಲಿ, ವಾರಕ್ಕೊಮ್ಮೆ ನೀವು ಕಣ್ಣಾಡಿಸಿ. ಮೆಥೊಟ್ರೆಕ್ಸೇಟ್ ಮತ್ತು ಸ್ಟೀರಾಯ್ಡ್ ವಿಷಯದಲ್ಲಿ ಕೆಲವು ವರ್ಷ ಇಬ್ಬರ ಕಣ್ಣೂ ಇರಬೇಕು. ಮಗಳು ಎರಡು ವಾರ ಮಾತ್ರೆ ತಪ್ಪಿಸಿದ್ದನ್ನು ತಾನಾಗಿ ಬಂದು ಹೇಳಿದರೆ ಬೈಯಬೇಡಿ. ಬೈದರೆ ಮುಂದಿನ ಸಲ ಮಾತ್ರೆಯೂ ತಪ್ಪುತ್ತದೆ, ಹೇಳುವುದೂ ತಪ್ಪುತ್ತದೆ. ಪರೀಕ್ಷೆಯ ಕಾಲ, ಕಾಯಿಲೆ ಕೆರಳಿದ ಕಾಲ ಬಂದಾಗ ಕೆಲವು ಕೆಲಸಗಳನ್ನು ನೀವು ಮತ್ತೆ ವಹಿಸಿಕೊಳ್ಳಬಹುದು, ಅದು ಹಿನ್ನಡೆಯಲ್ಲ.

ದೊಡ್ಡವರ ವಿಭಾಗಕ್ಕೆ ಹೋಗುವಾಗ ಏನು ಒಯ್ಯಬೇಕು?

ಮಕ್ಕಳ ವೈದ್ಯರಿಂದ ಒಂದೆರಡು ಪುಟದ ಸಾರಾಂಶ ಬರೆಸಿಕೊಳ್ಳಿ: ಕಾಯಿಲೆಯ ಬಗೆ, ಶುರುವಾದ ವರ್ಷ, ಈವರೆಗೆ ಕೊಟ್ಟ ಔಷಧಗಳು, ಯಾವುದನ್ನು ಏಕೆ ನಿಲ್ಲಿಸಲಾಯಿತು, ಅಲರ್ಜಿ, ಕೊನೆಯ ಕಣ್ಣಿನ ತಪಾಸಣೆ, ಲಸಿಕೆಗಳು. ಮಕ್ಕಳ ರುಮಟಾಲಜಿ ತಜ್ಞರು ನಮ್ಮ ರಾಜ್ಯದಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇರುವುದರಿಂದ, ರಾಯಚೂರು, ಕಾರವಾರದಂಥ ಊರಿನವರು ಈ ಹಂತದಲ್ಲಿ ತಮ್ಮ ಊರಿಗೆ ಹತ್ತಿರದ ದೊಡ್ಡವರ ತಜ್ಞರನ್ನು ಹುಡುಕಿಕೊಳ್ಳುವುದು ಒಳ್ಳೆಯದು. ಹೊಸ ವೈದ್ಯರ ಮೊದಲ ಭೇಟಿ ಆಗುವವರೆಗೆ ಹಳೆಯ ವೈದ್ಯರ ಸಂಪರ್ಕ ಕಡಿದುಕೊಳ್ಳಬೇಡಿ, ಆ ನಡುವಿನ ತಿಂಗಳುಗಳಿಗೆ ಸಾಕಾಗುವಷ್ಟು ಔಷಧ ಮತ್ತು ಚೀಟಿ ಕೈಯಲ್ಲಿರಲಿ. 18 ತುಂಬಿದ ಮೇಲೆ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕುವವರು ನೀವೇ. ಸಾರಾಂಶದ ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ, ಒಂದು ಪ್ರತಿಯನ್ನು ಹಾಸ್ಟೆಲ್ಲಿನಲ್ಲಿ ನೀವು ನಂಬುವ ಒಬ್ಬರ ಕೈಗೆ ಕೊಟ್ಟಿರಿ.